ಸಕ್ಕರ್ ಫಿಶ್, ಕೋರಿಡೋರಾಸ್‌ಗೆ ಬೇರೆ ಊಟ ಹಾಕ್ಬೇಕಾ? ಹಾಕ್ಲೇಬೇಕು

ನಿಮ್ಮ ಟ್ಯಾಂಕಲ್ಲಿ ಒಂದು ಸಕ್ಕರ್, ಎರಡು ಕೋರಿಡೋರಾಸ್ (ಟ್ಯಾಂಕ್ ತಳದಲ್ಲಿ ಓಡಾಡೋ ಕ್ಯಾಟ್‌ಫಿಶ್‌ಗಳು) ಇವೆ, ಮೇಲೆ ಈಜೋ ಟೆಟ್ರಾ ಮೀನುಗಳಿಗೆ ದಿನಾ ಫ್ಲೇಕ್ (ತೇಲೋ ಚೂರು ಊಟ) ಹಾಕ್ತೀರಿ, ಕೆಳಗೆ ಬಿದ್ದಿದ್ದನ್ನ ಇವು ತಿಂದ್ಕೊಂಡು ಟ್ಯಾಂಕ್ ಕ್ಲೀನಾಗಿ ಇಡ್ತವೆ ಅಂತ ಅಂಗಡಿಯವರು ಹೇಳಿದ್ರು, ಈಗ ಸಕ್ಕರ್ ಹೊಟ್ಟೆ ಒಳಗೆ ಹೋದ ಹಾಗೆ ಕಾಣ್ತಿದೆ, ಬೇರೆ ಊಟ ಬೇಕಾ ಅಂತ ಕೇಳಿದ್ದೀರಿ. ಬೇಕು. ಇವತ್ತು ರಾತ್ರಿಯಿಂದಲೇ ಶುರು ಮಾಡಿ, ವಿವರ ಆಮೇಲೆ ಓದ್ಕೊಳ್ಳಿ.

ಈ ಕ್ಲೀನಿಂಗ್ ಕಥೆ ಯಾರು ಶುರು ಮಾಡಿದ್ರೋ, ಇದ್ರಿಂದ ಸತ್ತಿರೋ ಮೀನುಗಳಿಗೆ ಲೆಕ್ಕ ಇಲ್ಲ. ಯಾವ ಕ್ಯಾಟ್‌ಫಿಶ್ಶೂ ಬೇರೆ ಮೀನಿನ ಕಕ್ಕ ತಿಂದು ಬದುಕಲ್ಲ. ತಿಂದಿದ್ದೆಲ್ಲ ಇವು ಮತ್ತೆ ಅದೇ ನೀರಿಗೇ ಬಿಡ್ತವೆ, ಅದರಲ್ಲೂ ಸಕ್ಕರ್ ಬಿಡೋ ಉದ್ದುದ್ದ ದಾರ ನೀವೇ ನೋಡಿರ್ತೀರಿ. ಕ್ಲೀನಿಂಗ್‌ಗೆ ಅಂತ ಸಕ್ಕರ್ ತರೋದು ಅಂದ್ರೆ ಅಂಗಳ ಗುಡಿಸೋಕೆ ಅಂತ ಎಮ್ಮೆ ತಂದು ಕಟ್ಟಿದ ಹಾಗೆ. ಕ್ಲೀನ್ ಮಾಡೋದು ಫಿಲ್ಟರ್ ಮತ್ತೆ ನೀವು ವಾರವಾರ ಬದಲಾಯಿಸೋ ನೀರು, ಅಷ್ಟೇ.

ಮೊದಲು ಹೊಟ್ಟೆ ನೋಡೋದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಈ ಮೀನುಗಳಲ್ಲಿ ಹಸಿವು ಬೇಗ ಗೊತ್ತಾಗಲ್ಲ. ಸಕ್ಕರ್ ಮೈ ಮೇಲೆ ಚಿಪ್ಪಲ್ಲ, ಮೂಳೆಯ ಫಲಕಗಳು ಇರತ್ತೆ, ಹಾಗಾಗಿ ಮೇಲಿಂದ, ಪಕ್ಕದಿಂದ ನೋಡಿದ್ರೆ ಸೊರಗಿರೋದೂ ಗಟ್ಟಿಮುಟ್ಟಾಗೇ ಕಾಣತ್ತೆ. ಅದು ಗಾಜಿಗೆ ಅಂಟ್ಕೊಂಡಾಗ ಹೊರಗಡೆಯಿಂದ ಅದರ ಕೆಳಭಾಗ ನೋಡ್ಬೇಕು. ಬಾಯಿ ದಾಟಿ, ಎದೆ ಹತ್ರದ ಗಟ್ಟಿ ಭಾಗ ಮುಗಿದ ಮೇಲೆ ಮೆತ್ತಗಿರೋ ಹೊಟ್ಟೆ ಶುರುವಾಗತ್ತೆ. ಅದು ಸಮತಟ್ಟಾಗಿ ಇರ್ಬೇಕು, ಇಲ್ಲ ಸ್ವಲ್ಪ ಉಬ್ಬಿರ್ಬೇಕು. ಒಳಗೆ ಗುಳಿ ಬಿದ್ದಿದ್ರೆ ಹಸಿದಿದೆ. ಗುಳಿ ಜೊತೆಗೆ ಕಣ್ಣೂ ಒಳಗೆ ಇಳಿದಿದ್ರೆ ತುಂಬಾ ದಿನದಿಂದ ಹಸಿದಿದೆ, ಅಂಥದ್ದು ವಾಪಸ್ ಬರೋದು ಕಷ್ಟ, ಆದ್ರೂ ಪ್ರಯತ್ನ ಬಿಡ್ಬೇಡಿ.

ಇನ್ನು ನಿಮ್ಮ ಸಕ್ಕರ್ ಯಾವ್ದು ಅನ್ನೋದು. ಈ ಒಂದೇ ಹೆಸರಲ್ಲಿ ಹತ್ತಾರು ಮೀನು ಮಾರ್ತಾರೆ. ಕಂದು ಮೈ, ಮೈತುಂಬಾ ಚುಕ್ಕೆ, ಬೆನ್ನ ಮೇಲೆ ಹಾಯಿ ಥರ ಎದ್ದು ನಿಲ್ಲೋ ದೊಡ್ಡ ರೆಕ್ಕೆ, ಆ ರೆಕ್ಕೆಯಲ್ಲಿ ಕಡ್ಡಿಗಳು ಹತ್ತೋ ಅದಕ್ಕಿಂತ ಜಾಸ್ತಿಯೋ ಇದ್ರೆ ಅದು ಹೆಚ್ಚುಕಮ್ಮಿ ಟೆರಿಗೋಪ್ಲಿಕ್ತಿಸ್, ಅಂದ್ರೆ ಕಾಮನ್ ಪ್ಲೆಕೋ (ಸಕ್ಕರ್ ಕ್ಯಾಟ್‌ಫಿಶ್‌ಗಳಿಗೆ ಇನ್ನೊಂದು ಹೆಸರು ಪ್ಲೆಕೋ). ತರುವಾಗ ಬೆರಳುದ್ದ ಇರತ್ತೆ, ಬೆಳೆದ್ರೆ 40 ಸೆಂಟಿಮೀಟರ್ ದಾಟತ್ತೆ, ಹತ್ತು ವರ್ಷಕ್ಕಿಂತ ಜಾಸ್ತಿ ಬದುಕತ್ತೆ. ಎರಡಡಿ ಟ್ಯಾಂಕಲ್ಲಿ ಅದು ತಿರುಗೋಕೂ ಆಗಲ್ಲ. "ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಕೆಟ್ಟ ನೀರಲ್ಲಿ ಬೆಳವಣಿಗೆ ಕುಂಠಿತ ಆಗೋದನ್ನೇ ಅವ್ರು ಹಾಗೆ ಹೇಳೋದು. ಅಗಲ ಚಪ್ಪಟೆ ತಲೆ, ದೊಡ್ಡದಾದ ಗಂಡಾದ್ರೆ ಮೂತಿ ಮೇಲೆ ಮೆತ್ತಗಿನ ಕವಲು ಕವಲು ಕಡ್ಡಿ ಇದ್ರೆ ಬ್ರಿಸಲ್‌ನೋಸ್, ಅಂದ್ರೆ ಆನ್ಸಿಸ್ಟ್ರಸ್, ಇದು 12-15 ಸೆಂಟಿಮೀಟರಿಗೆ ನಿಲ್ಲತ್ತೆ, ಮನೆ ಟ್ಯಾಂಕಿಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಸಕ್ಕರ್ ಇಲ್ಲ. ಇನ್ನೊಂದು, ತೆಳ್ಳಗೆ ಉದ್ದಕ್ಕೆ, ಹೊಂಬಣ್ಣದ್ದು ಇದ್ರೆ ಅದು ಕ್ಯಾಟ್‌ಫಿಶ್ಶೇ ಅಲ್ಲ, ಬೇರೆ ಸಕ್ಕರ್‌ಗಳ ಹಾಗೆ ದಕ್ಷಿಣ ಅಮೆರಿಕದ್ದೂ ಅಲ್ಲ, ಚೈನೀಸ್ ಆಲ್ಗೀ ಈಟರ್ ಅಂತ ಆಗ್ನೇಯ ಏಷ್ಯಾದ ಮೀನು, ದೊಡ್ಡದಾದ್ಮೇಲೆ ಬೇರೆ ಮೀನುಗಳ ಮೈಗೆ ಅಂಟ್ಕೊಂಡು ಕಾಟ ಕೊಡತ್ತೆ.

ಕಾಮನ್ ಪ್ಲೆಕೋ, ಬ್ರಿಸಲ್‌ನೋಸ್ ಎರಡಕ್ಕೂ ಊಟದ ವಿಷಯ ಒಂದೇ. ಇವುಗಳ ಕರುಳು ತುಂಬಾ ಉದ್ದ, ಸುರುಳಿ ಸುರುಳಿಯಾಗಿ ಹೊಟ್ಟೆ ತುಂಬಿರತ್ತೆ, ಒಂದೇ ಸಲ ಗಬಗಬ ತಿನ್ನೋ ಜಾತಿ ಅಲ್ಲ, ರಾತ್ರಿಯಿಡೀ ಕೆರೆದು ಕೆರೆದು ತಿನ್ನೋದು. ಗಾಜಿನ ಮೇಲಿನ ಹಸಿರು ಪಾಚಿ ಮೊದಲ ವಾರದಲ್ಲೇ ಖಾಲಿ, ಅದಾದ್ಮೇಲೆ ನೀವೇ ಕೊಡ್ಬೇಕು. ನೀರಲ್ಲಿ ಮುಳುಗೋ ಆಲ್ಗೀ ವೇಫರ್ (ಪಾಚಿ ಬಿಲ್ಲೆ) ಹಾಕಿ, ಆದ್ರೆ ಪ್ಯಾಕೆಟ್ ಹಿಂದೆ ಓದಿ, ಕೆಲವದ್ರಲ್ಲಿ ಮೊದಲ ಹೆಸರೇ ಮೀನಿನ ಪುಡಿ, ಎರಡನೇದು ಗೋಧಿ, ಪಾಚಿ ಎಲ್ಲೋ ಕೊನೆಯಲ್ಲಿ. ಸ್ಪಿರುಲಿನಾ, ಕೆಲ್ಪ್ (ಎರಡೂ ಪಾಚಿ ಥರದವು) ಮೇಲ್ಗಡೆ ಬರೆದಿರೋದು ತಗೊಳ್ಳಿ. ಜೊತೆಗೆ ತರಕಾರಿ: ಸೌತೆಕಾಯಿ, ಝುಕಿನಿ, ಬೀನ್ಸ್, ಪಾಲಕ್. ಝುಕಿನಿನ ಬೆರಳು ದಪ್ಪ ಬಿಲ್ಲೆ ಮಾಡಿ, ಕುದಿಯೋ ನೀರಲ್ಲಿ ಒಂದೆರಡು ನಿಮಿಷ ಹಾಕಿ ತೆಗೆದು, ತಣ್ಣೀರಲ್ಲಿ ಅದ್ದಿ, ಸ್ಟೀಲ್ ಫೋರ್ಕ್ ಚುಚ್ಚಿ ಲೈಟ್ ಆರಿಸಿದ ಮೇಲೆ ಬಿಡಿ. ಬೆಳಿಗ್ಗೆ ಎದ್ದು ನೋಡಿದ್ರೆ ತಿರುಳೆಲ್ಲ ಹೋಗಿ ಸಿಪ್ಪೆಯ ಬಳೆ ಮಾತ್ರ ಫೋರ್ಕಲ್ಲಿ ನೇತಾಡ್ತಿರತ್ತೆ, ಅದನ್ನೂ ಉಳಿದಿದ್ದನ್ನೂ ತೆಗೆದುಬಿಡಿ, ಇಲ್ಲಾಂದ್ರೆ ಕೊಳೆತು ನೀರು ಮಬ್ಬಾಗತ್ತೆ. ಮೊದಲ ಎರಡು ಮೂರು ರಾತ್ರಿ ಮುಟ್ಟದೇ ಇರಬಹುದು, ತರಕಾರಿ ಅಂದ್ರೆ ಊಟ ಅಂತ ಅದಕ್ಕಿನ್ನೂ ಗೊತ್ತಿರಲ್ಲ. ದಿನಾ ಹೊಸ ತುಂಡು ಬಿಡ್ತಾ ಇರಿ. ಸೌತೆಕಾಯಿ ಇವು ಇಷ್ಟಪಡ್ತವೆ ಆದ್ರೆ ಬರೀ ನೀರು, ಅದೊಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಮಾಂಸದ ಊಟ ವಾರಕ್ಕೊಂದು ಸಲ ಸ್ವಲ್ಪ ಸಾಕು. ದನದ ಹೃದಯದ ಮಾಂಸ, ಕೋಳಿ ಇವೆಲ್ಲ ಪಾಚಿ ತಿನ್ನೋ ಮೀನಿಗೆ ಬೇಡವೇ ಬೇಡ.

ಡ್ರಿಫ್ಟ್‌ವುಡ್ (ಟ್ಯಾಂಕಲ್ಲಿ ಇಡೋ ಕಟ್ಟಿಗೆ) ಒಂದು ತುಂಡು ಇಡಿ. ಅಡಗೋಕೂ ಆಗತ್ತೆ, ಮೇಲೆ ಬೆಳೆಯೋ ತೆಳು ಪದರ ಕೆರೆಯೋಕೂ ಆಗತ್ತೆ. ಆದ್ರೆ ಕಟ್ಟಿಗೆ ಇದೆ, ಅದನ್ನೇ ತಿಂದ್ಕೊಳ್ಳತ್ತೆ ಅಂತ ಬಿಡ್ಬೇಡಿ. ಪನಾಕ್ ಅನ್ನೋ ಪ್ಲೆಕೋ ಜಾತಿ ಅಂತೂ ನಿಜಕ್ಕೂ ಕಟ್ಟಿಗೆನ ಹಲ್ಲಲ್ಲಿ ಕೆತ್ತಿ ನುಂಗತ್ತೆ, ಆದ್ರೆ 2009ರಲ್ಲಿ ಬಂದ ಸಂಶೋಧನೆಗಳಲ್ಲಿ ಗೊತ್ತಾಗಿದ್ದು ಏನಂದ್ರೆ ಗೆದ್ದಲು ಅರಗಿಸೋ ಥರ ಇವು ಕಟ್ಟಿಗೆ ಅರಗಿಸಲ್ಲ, ಬೇಗ ಹೊರಗೆ ಹಾಕಿಬಿಡ್ತವೆ. ಅಂದ್ರೆ ಕಟ್ಟಿಗೆ ತಿನ್ನೋ ಮೀನೂ ಬರೀ ಕಟ್ಟಿಗೆಯಲ್ಲಿ ಬದುಕಲ್ಲ.

ಹಾಗಂತ ಎಲ್ಲ ಪ್ಲೆಕೋನೂ ಸಸ್ಯಾಹಾರಿ ಅಲ್ಲ. ಎಲ್-ನಂಬರ್ ಅಂತ ಕೇಳಿರ್ತೀರಿ, 1988ರಲ್ಲಿ ಜರ್ಮನಿಯ ಡಿಎಟಿಝಡ್ ಅನ್ನೋ ಅಕ್ವೇರಿಯಂ ಪತ್ರಿಕೆ ಶುರು ಮಾಡಿದ ಪದ್ಧತಿ, ವೈಜ್ಞಾನಿಕ ಹೆಸರಿಡೋ ಮೊದಲೇ ಹೊಸ ಹೊಸ ಮೀನು ಮಾರ್ಕೆಟ್ಟಿಗೆ ಬರ್ತಾ ಇದ್ವು, ಅದಕ್ಕೆ ನಂಬರ್ ಹಾಕೋಕೆ ಶುರು ಮಾಡಿದ್ರು. ಅದ್ರಲ್ಲಿ ಎಲ್46, ಕಪ್ಪು ಬಿಳಿ ಪಟ್ಟೆಯ ಝೀಬ್ರಾ ಪ್ಲೆಕೋ, ಬ್ರೆಜಿಲ್‌ನ ಶಿಂಗೂ ನದಿ ಬಿಟ್ರೆ ಎಲ್ಲೂ ಇಲ್ಲ, ಅಲ್ಲೂ ಬೆಲೋ ಮೊಂತೆ ಅಣೆಕಟ್ಟಿನಿಂದ ಅದರ ಜಾಗಕ್ಕೇ ಕುತ್ತು ಬಂದಿದೆ. ಅದಕ್ಕೆ ಝುಕಿನಿ ಹಾಕಿದ್ರೆ ಮೂಸಿನೂ ನೋಡಲ್ಲ, ಅದಕ್ಕೆ ಬೇಕಿರೋದು ಸೀಗಡಿ, ಹುಳ, ಪ್ರೋಟೀನ್ ಜಾಸ್ತಿ ಇರೋ ಪೆಲೆಟ್. ಮೀನು ತರೋ ಮೊದಲು ಅದರ ಹೆಸರು ಸರಿಯಾಗಿ ತಿಳ್ಕೊಳ್ಳಿ ಅಂತ ಹೇಳೋದು ಇದಕ್ಕೇ.

ಈಗ ಕೋರಿಡೋರಾಸ್, ಚಿಕ್ಕದಾಗಿ ಕೋರಿ. ಇವು ಪಾಚಿ ತಿನ್ನಲ್ಲ! ಎಷ್ಟೋ ಜನ ಇವಕ್ಕೂ ಆಲ್ಗೀ ವೇಫರ್ ಹಾಕಿ ಕೂತಿರ್ತಾರೆ. ಹಸಿದಾಗ ಅದನ್ನೂ ಕಚ್ಚತ್ತೆ ಅನ್ನೋದು ಬೇರೆ ಮಾತು, ಇವುಗಳ ನಿಜವಾದ ಊಟ ಮರಳಲ್ಲಿ ಸಿಗೋ ಹುಳ, ಕೀಟದ ಮರಿ, ಚಿಕ್ಕ ಚಿಕ್ಕ ಸೀಗಡಿ ಜಾತಿಯವು. ಮುಳುಗೋ ಸಣ್ಣ ಪೆಲೆಟ್ ದಿನಕ್ಕೊಂದು ಸಲ, ವಾರದಲ್ಲಿ ಎರಡು ಮೂರು ಸಲ ಫ್ರೋಝನ್ ಬ್ಲಡ್‌ವರ್ಮ್, ಡಾಫ್ನಿಯಾ, ಬ್ರೈನ್ ಶ್ರಿಂಪ್, ಇದ್ರಲ್ಲಿ ಯಾವುದಾದ್ರೂ ಕರಗಿಸಿ ಹಾಕಿ. ಒಂದೇ ಕಡೆ ಸುರೀಬೇಡಿ, ಎರಡು ಮೂರು ಜಾಗದಲ್ಲಿ ಹರಡಿ. ಟೆಟ್ರಾಗಳು ಅರ್ಧ ದಾರಿಯಲ್ಲೇ ಕಸಿದ್ಕೊಳ್ತವೆ ಅಂದ್ರೆ ಮೊದಲು ಅವಕ್ಕೆ ಒಂದು ಮೂಲೆಯಲ್ಲಿ ಫ್ಲೇಕ್ ಹಾಕಿ, ಅವು ಅಲ್ಲಿ ಮುತ್ಕೊಂಡಿರುವಾಗ ಇನ್ನೊಂದು ಮೂಲೆಯಲ್ಲಿ ಪೆಲೆಟ್ ಬಿಡಿ. ಇಲ್ಲಾಂದ್ರೆ ಲೈಟ್ ಆರಿಸಿ ಅರ್ಧ ಗಂಟೆ ಆದ್ಮೇಲೆ.

ಟ್ಯಾಂಕ್ ತಳದಲ್ಲಿ ಏನಿದೆ ಅಂತ ನೀವು ಬರೆದಿಲ್ಲ. ಚೂಪು ಗ್ರಾವೆಲ್ ಇದ್ರೆ ತೆಗೆದು ನುಣುಪು ಮರಳು ಹಾಕಿ, ಕೋರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮರಳಿದ್ರೆ ಅದು ಮೂತಿನ ಕಣ್ಣಿನವರೆಗೂ ಒಳಗೆ ಹೂತು, ಬಾಯಿ ತುಂಬಾ ಮರಳು ತಗೊಂಡು, ತಿನ್ನೋದನ್ನ ಇಟ್ಕೊಂಡು ಉಳಿದ ಮರಳನ್ನ ಕಿವಿರಿಂದ ಸಣ್ಣ ಧಾರೆಯಾಗಿ ಬಿಡತ್ತೆ, ಅದನ್ನ ನೋಡ್ತಾ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಗ್ರಾವೆಲ್ ಇದ್ರೆ ಊಟ ಕಲ್ಲಿನ ಸಂದಿಗೆ ಇಳಿದು ಕೊಳೆಯತ್ತೆ, ಅದೇ ಕೊಳೆಯಲ್ಲಿ ಮೀಸೆ ಆಡಿಸಿ ಆಡಿಸಿ ಮೀಸೆ ಸವೆದು ಮೊಂಡಾಗತ್ತೆ. ಮೀಸೆ ಹೋದ ಕೋರಿ ಊಟ ಹುಡುಕೋಕೆ ಪರದಾಡತ್ತೆ. ನೀರು, ತಳ ಶುದ್ಧ ಆದ್ರೆ ಬುಡ ಉಳಿದಿರೋ ಮೀಸೆ ಸಾಮಾನ್ಯವಾಗಿ ಮತ್ತೆ ಬೆಳೆಯತ್ತೆ.

ಎರಡೇ ಕೋರಿ ಸಾಲಲ್ಲ, ಒಂದೇ ಜಾತಿಯ ಆರಾದ್ರೂ ಇರ್ಲಿ. ಒಂಟಿ, ಜೋಡಿ ಇದ್ದಾಗ ಹೆದರ್ಕೊಂಡು ಗಿಡದ ಹಿಂದೆ ಕೂರತ್ತೆ, ಊಟಕ್ಕೂ ಹೊರಗೆ ಬರಲ್ಲ, ಸಂಖ್ಯೆ ಜಾಸ್ತಿ ಆದ ಕೂಡ್ಲೇ ಹಗಲಲ್ಲೇ ಗುಂಪಾಗಿ ಓಡಾಡ್ತವೆ. ಆಗಾಗ ಒಂದು ರಪ್ಪನೆ ಮೇಲೆ ಹೋಗಿ ಗಾಳಿ ನುಂಗಿ ವಾಪಸ್ ಬರತ್ತೆ, ಗಾಬರಿ ಆಗ್ಬೇಡಿ, ಇವು ಗಾಳಿನ ಕರುಳಲ್ಲೂ ಹೀರ್ಕೊಳ್ತವೆ. ಎಲ್ಲವೂ ಪದೇ ಪದೇ ಹೋಗ್ತಿದ್ರೆ ಮಾತ್ರ ನೀರಲ್ಲಿ ಆಕ್ಸಿಜನ್ ಕಮ್ಮಿ ಅಥವಾ ನೀರು ಕೆಟ್ಟಿದೆ ಅಂತ ಅರ್ಥ. ಬಿಸಿನೂ ನೋಡ್ಕೊಳ್ಳಿ: ಪೆಪ್ಪರ್ಡ್ ಕೋರಿ ತಂಪು ನೀರಿನದ್ದು, 20-23 ಡಿಗ್ರಿ ಅದಕ್ಕೆ ಹಿತ, ಸ್ಟೆರ್ಬಾಯ್ ಅನ್ನೋ ಕೋರಿ 26-28ರಲ್ಲೂ ಆರಾಮಾಗಿರತ್ತೆ. ಅಂದಹಾಗೆ ಈ ಪೆಪ್ಪರ್ಡ್ ಕೋರಿನ ಬೀಗಲ್ ಹಡಗಿನ ಯಾನದಲ್ಲಿ ಸಂಗ್ರಹ ಮಾಡಿದ್ದು ಚಾರ್ಲ್ಸ್ ಡಾರ್ವಿನ್, 1842ರಲ್ಲಿ ಅದಕ್ಕೆ ಹೆಸರಿಟ್ಟಿದ್ದು ಇಂಗ್ಲೆಂಡಿನ ಪ್ರಕೃತಿಶಾಸ್ತ್ರಜ್ಞ ಲಿಯೊನಾರ್ಡ್ ಜೆನಿನ್ಸ್. 2024ರಲ್ಲಿ ಕೋರಿಡೋರಾಸ್ ಗುಂಪನ್ನ ಒಡೆದು ಹಲವು ಜಾತಿಗೆ ಬೇರೆ ಕುಲನಾಮ ಕೊಟ್ಟಿದ್ದಾರೆ, ಈಗ ಪೆಪ್ಪರ್ಡ್ ಕೋರಿ ಹಾಪ್ಲಿಸೋಮಾ ಆಗಿದೆ, ಹಾಗಾಗಿ ಹುಡುಕುವಾಗ ಹೊಸ ಹೆಸರು ಕಂಡ್ರೆ ಬೇರೆ ಮೀನು ಅನ್ಕೋಬೇಡಿ.

"ಪಾಚಿಗೆ ಓಟೋ ತರ್ಲಾ" ಅಂತ ಕೊನೆಯಲ್ಲಿ ಕೇಳಿದ್ದೀರಿ. ಈಗ ಬೇಡ. ಓಟೋಸಿಂಕ್ಲಸ್ ನಾಲ್ಕೈದು ಸೆಂಟಿಮೀಟರಿನ ಮುದ್ದು ಮೀನು, ಪಾಚಿ ತಿನ್ನೋದ್ರಲ್ಲಿ ನಿಜಕ್ಕೂ ಗಟ್ಟಿ, ಆದ್ರೆ ಮಾರ್ಕೆಟ್ಟಿಗೆ ಬರೋದ್ರಲ್ಲಿ ಹೆಚ್ಚಿನವು ಕಾಡು ನದಿಯಿಂದ ಹಿಡಿದವು, ದಾರಿಯುದ್ದಕ್ಕೂ ಉಪವಾಸ ಇದ್ದು ಬಂದಿರ್ತವೆ, ಹೊಸ ಟ್ಯಾಂಕಿಗೆ ಬಿಟ್ರೆ ವಾರದಲ್ಲೇ ಒಂದೊಂದಾಗಿ ಹೋಗ್ತವೆ. ನಾಲ್ಕೈದು ತಿಂಗಳು ಓಡಿದ, ಕಲ್ಲು ಗಿಡದ ಮೇಲೆ ಪದರ ಕಟ್ಟಿರೋ ಟ್ಯಾಂಕಿಗೆ ಮಾತ್ರ ತನ್ನಿ, ಅಂಗಡಿಯಲ್ಲೇ ಹೊಟ್ಟೆ ನೋಡಿ ದುಂಡಗಿರೋದನ್ನೇ ಆರಿಸಿ.

ರೆಡ್‌ಟೇಲ್, ಟೈಗರ್ ಶವಲ್‌ನೋಸ್ ಅನ್ನೋ ಕ್ಯಾಟ್‌ಫಿಶ್ ಮರಿಗಳು ಚಂದ ಕಾಣ್ತವೆ ಅಂತ ಮನಸ್ಸು ಮಾಡ್ಬೇಡಿ. ರೆಡ್‌ಟೇಲ್ ಒಂದು ಮೀಟರ್ ದಾಟೋ ಮೀನು, ಬಾಯಿಗೆ ಹಿಡಿಯೋದೆಲ್ಲ ಊಟ, ನಿಮ್ಮ ಟೆಟ್ರಾಗಳೂ ಸೇರಿ. ಪಿಕ್ಟಸ್ ಅನ್ನೋ ಕ್ಯಾಟ್‌ಫಿಶ್ ಚಿಕ್ಕದೇ, ಆದ್ರೆ ಅದೂ ರಾತ್ರಿ ನಿಯಾನ್ ಟೆಟ್ರಾ ನುಂಗತ್ತೆ, ಅದರ ಎದೆ ರೆಕ್ಕೆಯ ಮುಳ್ಳಲ್ಲಿ ಗರಗಸದ ಹಲ್ಲಿರತ್ತೆ, ಬಲೆಗೆ ಸಿಕ್ಕಿಹಾಕ್ಕೊಂಡ್ರೆ ಬಲೆನೇ ಕತ್ತರಿಸ್ಬೇಕು. ಯಾವ ಕ್ಯಾಟ್‌ಫಿಶ್ ಆದ್ರೂ ಬಲೆ ಬದಲು ಪ್ಲಾಸ್ಟಿಕ್ ಡಬ್ಬದಲ್ಲಿ ಹಿಡೀರಿ.

ನಿಮ್ಮ ಸೊರಗಿರೋ ಸಕ್ಕರ್‌ಗೆ ಬರೋಣ. ಊಟ ಹಾಕೋ ಮೊದಲು ಅಮೋನಿಯಾ, ನೈಟ್ರೈಟ್ (ಮೀನಿನ ಕಕ್ಕ, ಕೊಳೆತ ಊಟದಿಂದ ನೀರಿಗೆ ಸೇರೋ ವಿಷ) ಟೆಸ್ಟ್ ಮಾಡಿ, ಎರಡೂ ಸೊನ್ನೆ ಇರ್ಬೇಕು, ಇಲ್ಲಾಂದ್ರೆ ಅವತ್ತೇ ಮೂರನೇ ಒಂದು ಭಾಗ ನೀರು ಬದಲಾಯಿಸಿ, ಕ್ಲೋರಿನ್ ತೆಗೆದ ನೀರು ಹಾಕಿ. ವೇಫರ್‌ನ ದೊಡ್ಡದು ಒಂದೇ ಹಾಕೋ ಬದಲು ಅರ್ಧ ಮುರಿದು ಸಂಜೆ ಒಂದು ಸಲ, ಲೈಟ್ ಆರಿಸಿದ ಮೇಲೆ ಒಂದು ಸಲ, ಅದು ಅಡಗೋ ಜಾಗದ ಪಕ್ಕದಲ್ಲೇ ಬಿಡಿ. ಎರಡು ವಾರ ಚೆನ್ನಾಗಿ ತಿಂದೂ ಹೊಟ್ಟೆ ತುಂಬದಿದ್ರೆ ಒಳಗೆ ಹುಳ ಇರಬಹುದು, ಆಗ ಮೀನಿನ ವಿಷಯ ಗೊತ್ತಿರೋ ವೆಟ್ ಹತ್ರ ಕೇಳಿ. ತಾಮ್ರ ಇರೋ ಔಷಧಿನ ಮಾತ್ರ ಯಾರೋ ಹೇಳಿದ್ರು ಅಂತ ಸುರೀಬೇಡಿ, ಕ್ಯಾಟ್‌ಫಿಶ್‌ಗಳಿಗೆ ಅದು ಬೇಗ ವಿಷ ಆಗತ್ತೆ.

ಅದು ಕಾಮನ್ ಪ್ಲೆಕೋನೇ ಆಗಿದ್ದು ಮುಂದೆ ಇಟ್ಕೊಳ್ಳೋಕೆ ಆಗದಿದ್ರೆ ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ, ಇಲ್ಲಾ ಅಂಗಡಿಗೇ ವಾಪಸ್ ಕೊಡಿ. ಕೆರೆಗೋ ಹೊಳೆಗೋ ಬಿಡೋದು ಬೇಡವೇ ಬೇಡ. ಫ್ಲೋರಿಡಾ, ಮೆಕ್ಸಿಕೋದಲ್ಲಿ ಹಾಗೆ ಹೊರಗೆ ಸೇರಿಕೊಂಡ ಇದೇ ಮೀನುಗಳು ಮೊಟ್ಟೆ ಇಡೋಕೆ ದಡದಲ್ಲಿ ಬಿಲ ಕೊರೆದು ಕೊರೆದು ದಡ ಕುಸೀತಿದೆ, ಮೀನುಗಾರರ ಬಲೆ ತುಂಬಾ ಅವೇ. ಸಕ್ಕರ್ ಹೊಟ್ಟೆ ಕಡೆಯಿಂದ ಒಂದು ಫೋಟೋ, ಬೆನ್ನಿನ ರೆಕ್ಕೆ ಬಿಚ್ಚಿದಾಗ ಒಂದು ಫೋಟೋ ಮತ್ತೆ ಟ್ಯಾಂಕಿನ ಅಳತೆ ಹಾಕಿ, ಯಾವ ಜಾತಿ ಅಂತ ನೋಡಿ ಹೇಳ್ತೀನಿ.