ಎಮಿರ್ ಇದೆಯಾ ಅಂತ ಕೇಳಿ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ಅಕ್ಟೋಬರ್‌ನಲ್ಲಿ ನಾನೂ ನನ್ನ ತಂಗಿಯೂ ಟರ್ಕಿಗೆ ಹೊರಟಿದ್ದೇವೆ. ಇಬ್ಬರಿಗೂ ಐವತ್ತು ದಾಟಿದೆ. ಕಪಡೋಕಿಯಾದಲ್ಲಿ ಮೂರು ರಾತ್ರಿ ಇರುತ್ತೇವೆ. ಯಾರನ್ನು ಕೇಳಿದರೂ ಬಲೂನ್, ಬಲೂನ್ ಅನ್ನುತ್ತಾರೆ. ಅಲ್ಲಿ ಗುಹೆಯೊಳಗೆ ವೈನ್ ಬಾರ್‌ಗಳಿವೆಯಂತೆ, ವೈನರಿಗಳೂ ಇವೆಯಂತೆ. ಮುಸ್ಲಿಮರ ದೇಶದಲ್ಲಿ ಇದು ನಿಜವಾಗಿ ಅಲ್ಲಿಯದೇನಾ, ಇಲ್ಲ ಟೂರಿಸ್ಟರಿಗಾಗಿ ಕಟ್ಟಿದ ನಾಟಕವಾ? ಇಬ್ಬರು ಹೆಂಗಸರು ಹೋಗಿ ಕೂತರೆ ಸರಿ ಇರುತ್ತಾ? ನಾನು ಸ್ವಲ್ಪ ಕುಡಿಯುತ್ತೇನೆ. ತಂಗಿ ಮುಟ್ಟುವುದಿಲ್ಲ, ಮೇಲಾಗಿ ಸಸ್ಯಾಹಾರಿ. ಅವಳನ್ನೂ ಕರೆದುಕೊಂಡು ಹೋಗುವಂಥ ಜಾಗ ಇದ್ದರೆ ತಿಳಿಸಿ."

ಸಂಪಾದಕರ ಉತ್ತರ:

ನಾಟಕವೂ ಇದೆ, ನಿಜವೂ ಇದೆ. ಎರಡೂ ಒಂದೇ ಬೀದಿಯಲ್ಲಿ, ಕೆಲವು ಸಲ ಒಂದೇ ಬಾರ್‌ನ ಒಂದೇ ಮೆನುವಿನಲ್ಲಿ ಸಿಗುತ್ತವೆ. ಬೇರೆ ಮಾಡಿ ನೋಡುವುದಕ್ಕೆ ಒಂದು ಪ್ರಶ್ನೆ ಸಾಕು: ಇದು ಯಾವ ದ್ರಾಕ್ಷಿ, ಎಲ್ಲಿ ಬೆಳೆದದ್ದು?

ಈ ಪ್ರಶ್ನೆ ಯಾಕೆ ಅಂದರೆ, ಕಪಡೋಕಿಯಾದ ಉರ್ಗುಪ್ ಎಂಬ ಊರಿನ ಒಂದು ಗುಹೆ ಬಾರ್‌ನಲ್ಲಿ ಕೂತು "ಇಲ್ಲಿಯ ವೈನ್ ಕೊಡಿ" ಅಂದಿದ್ದೆ. ಕೆಂಪು ವೈನ್ ಬಂತು. ಗಟ್ಟಿಯಾದ, ಬಾಯಿ ಒಗರಾಗುವಂಥ ವೈನ್. ಚೆನ್ನಾಗಿಯೇ ಇತ್ತು. ಬಾಟಲಿ ತಿರುಗಿಸಿ ನೋಡಿದರೆ ಬೊಆಜ್‌ಕೆರೆ ಅಂತ ಬರೆದಿತ್ತು. ಅದು ಟರ್ಕಿಯ ಪೂರ್ವಕ್ಕಿರುವ ದಿಯಾರ್‌ಬಕಿರ್ ಕಡೆಯ ದ್ರಾಕ್ಷಿ. ಅಲ್ಲಿಂದ ಉರ್ಗುಪ್‌ಗೆ ನೂರಾರು ಕಿಲೋಮೀಟರ್ ದಾರಿ. ಕಪಡೋಕಿಯಾದಲ್ಲಿ ನಿಮ್ಮ ಮುಂದೆ ಬರುವ ಕೆಂಪು ವೈನ್‌ಗಳಲ್ಲಿ ಬಹಳಷ್ಟರ ಕಥೆ ಇದೇ. ಒಕುಜ್‌ಗೊಜು ಎಂಬ ಇನ್ನೊಂದು ಹೆಸರೂ ಪದೇ ಪದೇ ಕಾಣುತ್ತದೆ. ಅದರ ತವರು ಎಲಾಜಿ ಸುತ್ತಮುತ್ತ, ಅದೂ ಪೂರ್ವದಲ್ಲಿಯೇ. ಹಣ್ಣು ಅಲ್ಲಿಂದ ಲಾರಿಯಲ್ಲಿ ಬರುತ್ತದೆ, ಇಲ್ಲಿಯ ವೈನರಿಯಲ್ಲಿ ವೈನ್ ಆಗುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ. ವೈನರಿಗಳು ಮುಚ್ಚಿಡುವುದೂ ಇಲ್ಲ. ಆದರೆ ಅಷ್ಟು ದೂರ ಹೋಗಿ, ಗುಹೆಯ ಗೋಡೆ ನೋಡುತ್ತಾ, ಇದೇ ಮಣ್ಣಿನ ರುಚಿ ಅಂದುಕೊಂಡು ಬೇರೆ ಮಣ್ಣಿನದ್ದನ್ನು ಕುಡಿದು ಬರುವುದು ಬೇಡ ಅಲ್ವಾ?

ಇಲ್ಲಿಯದೇ ಅಂತ ಎದೆ ತಟ್ಟಿ ಹೇಳಬಹುದಾದ ದ್ರಾಕ್ಷಿ ಎಮಿರ್. ಬಿಳಿ ದ್ರಾಕ್ಷಿ. ಹೆಚ್ಚುಕಡಿಮೆ ನೆವ್‌ಶೆಹಿರ್ ಪ್ರಾಂತ ಮತ್ತು ಅದರ ಅಕ್ಕಪಕ್ಕದಲ್ಲೇ ಬೆಳೆಯುವಂಥದ್ದು. ಈ ನೆಲ ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಬೇಸಿಗೆಯ ಹಗಲು ಸುಡುತ್ತದೆ, ರಾತ್ರಿ ಶಾಲು ಬೇಕು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಎರ್ಜಿಯೆಸ್, ಹಸನ್ ಮುಂತಾದ ಜ್ವಾಲಾಮುಖಿಗಳು ಯಾವ ಕಾಲದಲ್ಲೋ ಉಗುಳಿದ ಬೂದಿ ಗಟ್ಟಿಯಾಗಿ ಮೆದು ಕಲ್ಲಾಗಿದೆ. ಅದೇ ಕಲ್ಲು ಸವೆದು ಮರಳುಮರಳಾದ ಮಣ್ಣಾಗಿದೆ. ಬಳ್ಳಿಗಳನ್ನು ನಮ್ಮ ಕಡೆಯ ಹಾಗೆ ಚಪ್ಪರಕ್ಕೆ ಹಬ್ಬಿಸುವ ಪದ್ಧತಿ ಇಲ್ಲಿ ಕಡಿಮೆ. ಹಳೆಯ ತೋಟಗಳಲ್ಲಿ ಅವು ಗಿಡ್ಡ ಪೊದೆಗಳಾಗಿ ನೆಲಕ್ಕೆ ಅಂಟಿಕೊಂಡಿರುತ್ತವೆ. ದೂರದಿಂದ ನೋಡಿದರೆ ದ್ರಾಕ್ಷಿ ತೋಟ ಅಂತಲೇ ಗೊತ್ತಾಗುವುದಿಲ್ಲ.

ಎಮಿರ್ ವೈನ್ ತಿಳಿ ಬಣ್ಣದ್ದು, ಹುಳಿ ಮುಂದು. ಹಸಿರು ಸೇಬು ಕಚ್ಚಿದ ಹಾಗಿನ ಚುರುಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ವೈನ್‌ನಿಂದ ಶುರು ಮಾಡಿದವರು ಬಹಳ ಜನ. ನೀವೂ ಅವರಲ್ಲಿ ಒಬ್ಬರಾದರೆ ಎಮಿರ್‌ನ ಮೊದಲ ಗುಟುಕಿಗೆ ಮುಖ ಹಿಂಡುತ್ತೀರಿ. ಗ್ಲಾಸ್ ಕೆಳಗಿಡಬೇಡಿ. ಜೊತೆಗೆ ಒಂದು ತುಂಡು ಉಪ್ಪುಪ್ಪಾದ ಚೀಸ್ ತಿಂದು ಇನ್ನೊಂದು ಗುಟುಕು ತಗೊಳ್ಳಿ. ಆ ಹುಳಿಗೆ ಅರ್ಥ ಬರುವುದು ಆಗಲೇ. ಈ ಹುಳಿಯ ಕಾರಣಕ್ಕೇ ಇದರಿಂದ ನೊರೆ ಬರುವ ಸ್ಪಾರ್ಕ್ಲಿಂಗ್ ವೈನ್ ಕೂಡ ಮಾಡುತ್ತಾರೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ಜಾತಿ ಇದಲ್ಲ. ಎಳೆಯದಾಗಿದ್ದಾಗಲೇ ಕುಡಿದು ಮುಗಿಸಬೇಕು.

ಇನ್ನು ಮುಸ್ಲಿಮರ ದೇಶದ ಪ್ರಶ್ನೆ. ಕಪಡೋಕಿಯಾದಲ್ಲಿ ದ್ರಾಕ್ಷಿ ಇಸ್ಲಾಮಿಗಿಂತಲೂ ಹಳೆಯದು, ಕ್ರೈಸ್ತ ಧರ್ಮಕ್ಕಿಂತಲೂ ಹಳೆಯದು. ಇದರ ದಕ್ಷಿಣಕ್ಕೆ ಇವ್ರಿಜ್ ಎಂಬಲ್ಲಿ ಬಂಡೆಯ ಮೇಲೆ ಒಂದು ದೊಡ್ಡ ಉಬ್ಬುಶಿಲ್ಪವಿದೆ. ಕ್ರಿಸ್ತಪೂರ್ವ 8ನೇ ಶತಮಾನದ್ದು. ತುವಾನಾ ರಾಜ್ಯದ ದೊರೆ ವರ್ಪಲವಾಸ್ ಕೈಮುಗಿದು ನಿಂತಿದ್ದಾನೆ. ಎದುರಿಗೆ ಅವನಿಗಿಂತ ಬಹಳ ಎತ್ತರದ ಮಳೆಗುಡುಗಿನ ದೇವರು ತರ್ಹುಂಜಾ. ದೇವರ ಕೈಯಲ್ಲಿ ಆಯುಧವಿಲ್ಲ. ಒಂದು ಕಡೆ ಗೋಧಿಯ ತೆನೆ, ಇನ್ನೊಂದು ಕಡೆ ದ್ರಾಕ್ಷಿ ಗೊಂಚಲು.

ಆಮೇಲೆ ಕ್ರೈಸ್ತ ಸನ್ಯಾಸಿಗಳು ಬಂದರು. ಇದೇ ಮೆದು ಕಲ್ಲನ್ನು ಕೊರೆದು ಚರ್ಚು, ಮಠ, ಊಟದ ಮನೆ ಮಾಡಿಕೊಂಡರು. ದ್ರಾಕ್ಷಿ ತುಳಿಯುವ ತೊಟ್ಟಿಗಳನ್ನೂ ಕಲ್ಲಲ್ಲೇ ಕೊರೆದರು. ನೀವು ಹೇಗೂ ದೆರಿನ್‌ಕುಯು ಅಥವಾ ಕೈಮಕ್ಲಿಯ ನೆಲದಡಿಯ ಊರಿಗೆ ಇಳಿಯುತ್ತೀರಿ. ಅಲ್ಲಿ ಗೈಡ್ ಅವಸರದಲ್ಲಿ ದಾಟಿಸಿಬಿಡುವ ಒಂದು ಕೋಣೆ ಇರುತ್ತದೆ. ನೆಲದಲ್ಲಿ ತೊಟ್ಟಿ, ರಸ ಇಳಿಯುವುದಕ್ಕೆ ತೂತು. ಅಲ್ಲಿ ಎರಡು ನಿಮಿಷ ನಿಲ್ಲಿ. ಶತ್ರುಗಳಿಗೆ ಹೆದರಿ ನೆಲದೊಳಗೆ ಅಡಗಿದವರು ದ್ರಾಕ್ಷಿ ಹಿಂಡುವ ಕೆಲಸ ಮಾತ್ರ ಬಿಟ್ಟಿರಲಿಲ್ಲ.

ತೋಟ, ಹಗೇವು, ಕಸುಬು ಎಲ್ಲ ಅಲುಗಾಡಿದ್ದು 1923ರ ನಂತರ. ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲುಬದಲು ಮಾಡಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಕಪಡೋಕಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸ್‌ಗೆ ಹೋಗಬೇಕಾಯಿತು. ಅವರಲ್ಲಿ ಎಷ್ಟೋ ಜನರ ಮನೆಮಾತು ಟರ್ಕಿಷ್ ಆಗಿತ್ತು. ಭಾಷೆ ಕೇಳಲಿಲ್ಲ, ಧರ್ಮ ನೋಡಿ ಕಳಿಸಿದರು. ಉರ್ಗುಪ್‌ನ ಹತ್ತಿರ ಮುಸ್ತಫಾಪಾಶಾ ಅಂತ ಊರಿದೆ, ಆಗಿನ ಹೆಸರು ಸಿನಾಸೋಸ್. ವೈನ್ ಬಗ್ಗೆ ಆಸಕ್ತಿ ಇದ್ದವರಿಗೆ ನಾನು ಮೊದಲು ಹೇಳುವ ಜಾಗ ಅದೇ, ಯಾವ ಬಾರ್ ಕೂಡ ಅಲ್ಲ. ಅಲ್ಲಿಯ ಚೌಕದಲ್ಲಿ ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾ ಚರ್ಚಿದೆ. 1729ರಲ್ಲಿ ಕಟ್ಟಿದ್ದು, 1850ರಲ್ಲಿ ದುರಸ್ತಿ ಮಾಡಿದ್ದು. ಅದರ ಬಾಗಿಲಿನ ಸುತ್ತ ಕಲ್ಲಿನ ದ್ರಾಕ್ಷಿ ಬಳ್ಳಿ ಹಬ್ಬಿದೆ. ಊರಿನ ಹಳೆಯ ಕಲ್ಲುಮನೆಗಳ ಮೇಲೂ ಕಣ್ಣಾಡಿಸಿ. ತಂಗಿಯವರಿಗೂ ಇದು ಹಿಡಿಸುತ್ತದೆ.

ಹೋದವರ ಜೊತೆ ದ್ರಾಕ್ಷಿ ಹೋಗಲಿಲ್ಲ. ಮುಸ್ಲಿಂ ರೈತರೂ ದ್ರಾಕ್ಷಿ ಬೆಳೆಯುತ್ತಲೇ ಇದ್ದರು. ತಿನ್ನುವುದಕ್ಕೆ, ಒಣಗಿಸುವುದಕ್ಕೆ, ರಸ ಕುದಿಸುವುದಕ್ಕೆ. ಇವತ್ತಿಗೂ ಟರ್ಕಿಯ ದ್ರಾಕ್ಷಿಯಲ್ಲಿ ವೈನ್ ಆಗುವುದು ಬಹಳ ಸಣ್ಣ ಪಾಲು. 1923ರಲ್ಲಿ ಹುಟ್ಟಿದ ಟರ್ಕಿ ಗಣರಾಜ್ಯ ವೈನ್ ಉದ್ಯಮಕ್ಕೆ ಬೆನ್ನು ತಟ್ಟಿತು. ದೇಶದ ದೊಡ್ಡ ಕಂಪನಿಗಳಾದ ದೊಲುಜಾ 1926ರಲ್ಲಿ, ಕವಾಕ್ಲಿದೆರೆ 1929ರಲ್ಲಿ ಶುರುವಾದವು. ಉರ್ಗುಪ್‌ನಲ್ಲಿ 1943ರಲ್ಲಿ ಹಸನ್ ತುರಾಸಾನ್ ತಮ್ಮ ಹೆಸರಿನ ವೈನರಿ ತೆರೆದರು. ಮನೆತನದವರು ಅದನ್ನು ಮುಂದುವರಿಸಿದರು. ಮುಸ್ಲಿಂ ದೇಶದಲ್ಲಿ ವೈನ್ ಹೇಗೆ ಅಂತ ಕೇಳಿದಿರಲ್ಲ, ಹೆಸರು ನೋಡಿದರೆ ನಿಮಗೇ ತಿಳಿಯುತ್ತದೆ.

ಹಾಗಂತ ಸರ್ಕಾರ ಇವತ್ತು ಇದನ್ನು ಹಚ್ಚಿಕೊಂಡಿದೆ ಅಂದುಕೊಳ್ಳಬೇಡಿ. 2013ರ ಕಾನೂನು ಮದ್ಯದ ಜಾಹೀರಾತನ್ನು ನಿಷೇಧಿಸಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಂಗಡಿಯಲ್ಲಿ ಬಾಟಲಿ ಮಾರುವ ಹಾಗಿಲ್ಲ. ಲೈಸೆನ್ಸ್ ಇರುವ ಬಾರ್, ಹೋಟೆಲ್‌ಗಳಲ್ಲಿ ಕೂತು ಕುಡಿಯುವುದಕ್ಕೆ ಆ ಗಂಟೆಯ ಕಟ್ಟು ಇಲ್ಲ. ತೆರಿಗೆ ಜಾಸ್ತಿ, ಆದ್ದರಿಂದ ಬೆಲೆಯೂ ಜಾಸ್ತಿ. ಅಗ್ಗದ ವೈನ್ ಕುಡಿಯುವ ಆಸೆಯಿಂದ ಯಾರೂ ಟರ್ಕಿಗೆ ಹೋಗಬೇಕಾಗಿಲ್ಲ.

ಒಂದೇ ವೈನರಿ ನೋಡುವಷ್ಟು ಸಮಯ ಇದ್ದರೆ ಉರ್ಗುಪ್‌ನ ತುರಾಸಾನ್‌ಗೆ ಹೋಗಿ. ಊರಿಗೆ ಹತ್ತಿರ, ಕಲ್ಲು ಕೊರೆದ ನೆಲಮಾಳಿಗೆ ಇದೆ, ರುಚಿ ನೋಡುವ ವ್ಯವಸ್ಥೆ ಇದೆ. ಟೂರ್ ಬಸ್ಸುಗಳು ಬಂದಾಗ ಗದ್ದಲ ಇರುತ್ತದೆ, ಬೆಳಿಗ್ಗೆಯೇ ಹೋದರೆ ಒಳ್ಳೆಯದು. ಎರಡನೆಯದು ಉಚ್‌ಹಿಸಾರ್‌ನ ಕೋಜಾಬಾ, 1972ರಿಂದ ಇದೆ. ನನಗೆ ಉಚ್‌ಹಿಸಾರ್ ಹೆಚ್ಚು ಇಷ್ಟ, ಅದಕ್ಕೆ ಕಾರಣ ಪಾರಿವಾಳ. ಊರಿನ ಕೆಳಗಿನ ಕಣಿವೆಯ ಬಂಡೆಗಳಲ್ಲಿ ನೂರಾರು ಚಿಕ್ಕ ಗೂಡುಗಳನ್ನು ಕೊರೆದಿದ್ದಾರೆ. ಪಾರಿವಾಳ ಸಾಕಿದ್ದು ಮುಖ್ಯವಾಗಿ ಹಿಕ್ಕೆಗಾಗಿ. ಈ ಬಡ ಮಣ್ಣಿಗೆ ಅದೇ ಗೊಬ್ಬರ, ಅದರಿಂದಲೇ ದ್ರಾಕ್ಷಿ ತೋಟ ಉಳಿದದ್ದು. ಎಲ್ಲರೂ ಆ ಕಣಿವೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಅದು ಗೊಬ್ಬರದ ಕಾರ್ಖಾನೆ ಅಂತ ಹೇಳುವವರು ಕಡಿಮೆ. ಕವಾಕ್ಲಿದೆರೆಯವರ ದೊಡ್ಡ ತೋಟ ಗುಲ್‌ಶೆಹಿರ್ ಕಡೆ ಇದೆ. ಮೂರು ರಾತ್ರಿಯ ಪ್ರವಾಸದಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ.

ವೈನರಿಯಲ್ಲಿ ರುಚಿ ನೋಡುವಾಗ ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ. ಎಲ್ಲವನ್ನೂ ನುಂಗಬೇಕೆಂದಿಲ್ಲ. ಮಿಕ್ಕಿದ್ದನ್ನು ಚೆಲ್ಲುವ ಪಾತ್ರೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಮಿರ್‌ನಿಂದ ಶುರು ಮಾಡಿ. ಕೆಂಪಿನಲ್ಲಿ ಕಾಲೆಜಿಕ್ ಕರಾಸಿ ಇದ್ದರೆ ಕೇಳಿ. ಅದರ ಮೂಲ ಅಂಕಾರಾ ಹತ್ತಿರದ ಕಾಲೆಜಿಕ್, ಆದರೆ ಈಗ ಕಪಡೋಕಿಯಾದಲ್ಲೂ ಬೆಳೆಯುತ್ತಾರೆ. ಹಗುರವಾದ ಕೆಂಪು, ನಿಮ್ಮಂಥ ಸ್ವಲ್ಪ ಕುಡಿಯುವವರಿಗೆ ಬೊಆಜ್‌ಕೆರೆಗಿಂತ ಹಿತ. ಶಿಲಾಗೋಪುರದ ಆಕಾರದ ಬಾಟಲಿಗಳಲ್ಲಿ ದಾಳಿಂಬೆ, ಚೆರಿ ವೈನ್ ಅಂತ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಶೋಕೇಸ್‌ಗೆ ಚೆಂದ.

ಬಾರ್ ವಿಷಯಕ್ಕೆ ಬರೋಣ. ಬೋರ್ಡ್ ಮೇಲೆ "ಶರಾಪ್ ಎವಿ" ಅಂತ ಇದ್ದರೆ ಅದು ವೈನ್ ಮನೆ. ಉರ್ಗುಪ್, ಗೊರೆಮೆ, ಉಚ್‌ಹಿಸಾರ್ ಮೂರೂ ಪ್ರವಾಸಿಗಳಿಗೆ ಒಗ್ಗಿದ ಊರುಗಳು. ಇಬ್ಬರು ಹೆಂಗಸರು ಒಂದು ಗ್ಲಾಸ್ ವೈನ್, ಒಂದು ಕಪ್ ಚಹಾ ಇಟ್ಟುಕೊಂಡು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ವಿಮಾನ ಇಳಿಯುವುದು ಕೈಸೇರಿಯಲ್ಲಾದರೆ ಅಲ್ಲಿ ಈ ಮಾತು ಅಷ್ಟು ಸಲೀಸಲ್ಲ. ಅದು ಮಡಿವಂತ ಊರು, ಮದ್ಯ ಕೊಡುವ ಜಾಗಗಳೇ ಕಡಿಮೆ. ಸೂರ್ಯಾಸ್ತ ಕಾಣುವ ಟೆರೇಸ್ ಬಾರ್‌ಗಳಲ್ಲಿ ನೀವು ದುಡ್ಡು ಕೊಡುವುದು ಹೆಚ್ಚಾಗಿ ನೋಟಕ್ಕೆ. ಒಂದು ಸಂಜೆಗೆ ಪರವಾಗಿಲ್ಲ. ಉಳಿದ ದಿನ, ಮೆನುವಿನಲ್ಲಿ ದ್ರಾಕ್ಷಿಯ ಹೆಸರನ್ನೂ ವೈನರಿಯ ಹೆಸರನ್ನೂ ಬರೆದಿರುವ ಸಣ್ಣ ಜಾಗ ಹುಡುಕಿ. "ಹೌಸ್ ವೈನ್, ರೆಡ್, ವೈಟ್" ಅಂತ ಮಾತ್ರ ಬರೆದಿದ್ದರೆ ಚಹಾ ಕುಡಿದು ಎದ್ದುಬನ್ನಿ. ಬಲೂನ್ ಹತ್ತುವ ಹಿಂದಿನ ರಾತ್ರಿ ಬೇಗ ಮಲಗಿ. ನಸುಕಿಗೂ ಮುಂಚೆ ಹೋಟೆಲ್ ಬಾಗಿಲಿಗೆ ವ್ಯಾನ್ ಬರುತ್ತದೆ. ಊರಿಂದ ಊರಿಗೆ ಡೊಲ್‌ಮುಶ್ ಎಂಬ ಮಿನಿಬಸ್ಸುಗಳು ಓಡುತ್ತವೆ. ರಾತ್ರಿ ಹೊತ್ತಿಗೆ ಅವನ್ನು ನಂಬಬೇಡಿ, ಟ್ಯಾಕ್ಸಿಗೆ ಹೇಳಿಟ್ಟುಕೊಳ್ಳಿ.

ಈಗ ನಿಮ್ಮ ತಂಗಿಯವರು. ನಿಜ ಹೇಳಬೇಕೆಂದರೆ ಅಕ್ಟೋಬರ್‌ನಲ್ಲಿ ಅವರ ಪಾಲಿಗೆ ನಿಮಗಿಂತ ಒಳ್ಳೆಯದು ಬರಬಹುದು. ಕೊಯ್ಲಿನ ಕಾಲ ಅದು. ಹಳ್ಳಿಗಳಲ್ಲಿ ಪೆಕ್‌ಮೆಜ್ ಮಾಡುತ್ತಾರೆ. ದ್ರಾಕ್ಷಿ ರಸಕ್ಕೆ ಸುಣ್ಣದಂಶವಿರುವ ಬಿಳಿ ಮಣ್ಣು ಹಾಕಿ ಹುಳಿ ತಗ್ಗಿಸುತ್ತಾರೆ. ತಿಳಿಯಾದ ಮೇಲೆ ಸೋಸಿ, ಅಗಲವಾದ ಬಾಣಲೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಹೊಗೆ, ನೊರೆ, ಸಿಹಿ ವಾಸನೆ, ಸುತ್ತ ನಿಂತ ಮಕ್ಕಳು ಎಲ್ಲ ಸೇರಿ ನಮ್ಮ ಆಲೆಮನೆಯೇ. ಬೆಳಗಿನ ತಿಂಡಿಗೆ ಪೆಕ್‌ಮೆಜ್ ಜೊತೆ ಎಳ್ಳಿನ ತಹಿನಿ ಕಲಸಿ ಬ್ರೆಡ್‌ಗೆ ಹಚ್ಚಿಕೊಂಡು ತಿನ್ನುತ್ತಾರೆ. ದ್ರಾಕ್ಷಿ ರಸವನ್ನು ಹಿಟ್ಟಿನ ಜೊತೆ ಗಟ್ಟಿ ಮಾಡಿ, ತುಂಡು ಕೊಯ್ದು ಒಣಗಿಸಿದ ಕೊಫ್ತುರ್ ಎಂಬ ತಿನಿಸೂ ಈ ಭಾಗದ್ದೇ. ಎರಡರಲ್ಲೂ ಮದ್ಯ ಇಲ್ಲ, ಮಾಂಸ ಇಲ್ಲ. ಗುಹೆಗಳಲ್ಲಿಟ್ಟು ಹದ ಮಾಡಿದ ಮಡಕೆ ಚೀಸ್ ಕೂಡ ಕೇಳಿ ನೋಡಿ. ಹೋಟೆಲ್‌ನಲ್ಲಿ ಊಟ ಹೇಳುವಾಗ "ಎತ್‌ಸಿಜ್" ಅನ್ನಿ, ಮಾಂಸ ಬೇಡ ಅಂತ ತಿಳಿಯುತ್ತದೆ. ಬೀನ್ಸ್ ಪಲ್ಯದ ಥರದ ಅಡುಗೆಗೂ ಕೆಲವರು ಮಾಂಸದ ಚೂರು ಹಾಕಿರುತ್ತಾರೆ, ಆದ್ದರಿಂದ ಪ್ರತಿ ಸಲ ಕೇಳಲೇಬೇಕು.

ಒರ್ತಹಿಸಾರ್ ಎಂಬ ಊರಿನ ಮೇಲೆ ಹಾದು ಹೋಗುವಾಗ ಬಂಡೆಗಳಲ್ಲಿ ದೊಡ್ಡ ದೊಡ್ಡ ಬಾಗಿಲು ಕಂಡರೆ ಎಲ್ಲವೂ ವೈನ್ ನೆಲಮಾಳಿಗೆ ಅಂದುಕೊಳ್ಳಬೇಡಿ. ಒಳಗೆ ನಿಂಬೆಹಣ್ಣು ತುಂಬಿರುತ್ತಾರೆ. ಮೆಡಿಟರೇನಿಯನ್ ಕರಾವಳಿಯಿಂದ ತಂದು ತಿಂಗಳುಗಟ್ಟಲೆ ಇಡುತ್ತಾರೆ. ಕರೆಂಟ್ ಬೇಡದ ಕೋಲ್ಡ್ ಸ್ಟೋರೇಜ್. ವೈನ್‌ಗೆ ಈ ಕಲ್ಲು ಹಿಡಿಸಿದ್ದೂ ಅದೇ ಕಾರಣಕ್ಕೆ. ಒಳಗಿನ ತಂಪು ಬೇಸಿಗೆಗೂ ಚಳಿಗೂ ಹೆಚ್ಚು ಏರುಪೇರಾಗುವುದಿಲ್ಲ.

ಬಾಟಲಿ ತರುವುದಾದರೆ ಎಮಿರ್ ತನ್ನಿ, ಕೆಂಪು ಬೇರೆ ಕಡೆಯೂ ಸಿಗುತ್ತದೆ. ಬಟ್ಟೆ ಸುತ್ತಿ ಚೆಕ್‌ಇನ್ ಬ್ಯಾಗಿನಲ್ಲಿಡಿ. ಮನೆಗೆ ಬಂದ ಮೇಲೆ ಬೀರು ಮೇಲಿಟ್ಟು ಮರೆಯಬೇಡಿ, ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಬರುವ ಮೊದಲೇ ಮುಗಿಸಿ. ಸುಂಕ ಇಲ್ಲದೆ ಭಾರತಕ್ಕೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್. 750 ಮಿಲಿಯ ಎರಡು ಬಾಟಲಿ ಆಯಿತು. ತಂಗಿಯವರು ಕುಡಿಯದಿದ್ದರೂ ಅವರ ಹೆಸರಿಗೂ 2 ಲೀಟರ್ ಇದೆ. ಅವರ ಬ್ಯಾಗಿನಲ್ಲಿ ಜಾಗ ಬಿಡುವುದಕ್ಕೆ ಈಗಲೇ ಹೇಳಿಡಿ.

-ಸಂ.