ಹಳೇ ಹೋಮ್ ಥಿಯೇಟರ್ ಸ್ಪೀಕರ್‌ಗಳಿಗೆ ಅಗ್ಗದ ರಿಸೀವರ್ ಯಾವುದು ತಗೊಳ್ಳಲಿ?

ಡಿವಿಡಿ ಹೋಮ್ ಥಿಯೇಟರ್‌ನ ಡಬ್ಬಿ ಕೈಕೊಟ್ಟಿದೆ, ಐದು ಸ್ಪೀಕರ್ ಒಂದು ವೂಫರ್ ಚೆನ್ನಾಗಿವೆ, ಮೂವತ್ತು ಸಾವಿರದೊಳಗೆ ರಿಸೀವರ್ (ಟಿವಿ, ಪ್ಲೇಯರಿನ ದನಿ ತಗೊಂಡು ಸ್ಪೀಕರ್‌ಗಳನ್ನು ಹಾಡಿಸುವ ಮಷಿನ್) ಯಾವುದು, ಎಷ್ಟು ವ್ಯಾಟ್ ಇರಬೇಕು, ಅಟ್ಮಾಸ್ (ತಲೆಯ ಮೇಲಿನಿಂದಲೂ ದನಿ ಬರುವ ಡಾಲ್ಬಿ ಪದ್ಧತಿ) ಬೇಕಾ ಅಂತ ಕೇಳಿದ್ದೀರಿ. ನೀವು ಬೀದರ್ ಅಂತ ಬರೆದ ಕಡೆ ಕಲಬುರಗಿ ಅಂತ ಹಾಕಿದರೆ ಅದು ನಾನೇ ನೋಡ್ರಿ. ಮಾಡೆಲ್ ಹೆಸರು ಆಮೇಲೆ. ಮೊದಲು ನನಗಾದದ್ದು ಕೇಳಿ.

ನಮ್ಮ ಮನೆಯ ಸೆಟ್ ಅಪ್ಪ ತೊಗರಿ ಮಾರಿದ ರೊಕ್ಕದಲ್ಲಿ ತಂದದ್ದು. ಧಾರಣೆ ಕೈ ಹಿಡಿದ ವರ್ಷ ಅದು. ಹಾಗಾಗಿ ಡಬ್ಬಿ ಕೆಟ್ಟಾಗ ಸ್ಪೀಕರ್ ಗುಜರಿಗೆ ಹಾಕೋಣ ಅನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವ್ವ ಅವನ್ನು ಆಗಲೂ ಒರೆಸಿ ಇಡುತ್ತಿದ್ದಳು. ಕಾಕಾ ಬಂದವನು ಒಂದೊಂದನ್ನೂ ಎತ್ತಿ ತಟ್ಟಿ ನೋಡಿ, "ಮಾಲ್ ಛಲೋ ಅದ, ಮಷಿನ್ ಒಂದೇ ತಗೊಂಡ್ ಬಾ" ಅಂದ. ಅದೇ ನನಗೂ ಬೇಕಿತ್ತು. ಹೈದರಾಬಾದಿಗೆ ಬೇರೆ ಕೆಲಸಕ್ಕೆ ಹೋದವನು ಕೋಟಿಯ ಗುಜರಾತಿ ಗಲ್ಲಿ ಹೊಕ್ಕೆ. ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ: "ಸ್ಪೀಕರ್ ಕಿತ್ನೇ ಓಮ್ ಕೇ ಹೈ?" (ಎಷ್ಟು ಓಮ್‌ನವು?) ನಾನು ತಲೆ ಎತ್ತಿ, "ಪಾಂಚ್ ಹೈ, ಏಕ್ ವೂಫರ್ ಭೀ" (ಐದು ಇವೆ, ಒಂದು ವೂಫರ್ ಕೂಡ) ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ರಿಸೀವರ್ ಪ್ಯಾಕ್ ಮಾಡಿದ.

ಮನೆಗೆ ಬಂದು ಹಳೇ ಸ್ಪೀಕರ್‌ಗಳ ಬಣ್ಣದ ಪ್ಲಾಸ್ಟಿಕ್ ಪ್ಲಗ್‌ಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ, ತಂತಿ ಸುಲಿದು, ರಿಸೀವರ್ ಹಿಂದಿನ ಟರ್ಮಿನಲ್‌ಗಳಿಗೆ ಕೂಡಿಸಿದೆ. ಐದೂ ಕೂತವು. ಉಳಿದದ್ದು ವೂಫರ್. ಅದರಿಂದಲೂ ಎರಡು ತಂತಿ ಹೊರಟಿವೆ, ಆದರೆ ರಿಸೀವರ್ ಹಿಂದೆ ವೂಫರ್‌ಗೆ ಅಂತ ಇರುವುದು ಒಂದು ಪಿನ್ ತೂತು, ಅದರ ಮೇಲೆ ಸಬ್‌ವೂಫರ್ ಪ್ರೀ ಔಟ್ ಅಂತ ಬರಹ. ಎರಡು ತಂತಿಗೆ ಒಂದು ತೂತು! ವೂಫರ್ ಕೂಡ ಸ್ಪೀಕರೇ ಅಲ್ಲವಾ ಅಂತ ಅಂದುಕೊಂಡು, ಮುಂದಿನ ಎಡಗಡೆ ಸ್ಪೀಕರ್ ತಂತಿ ಹೋಗಿದ್ದ ಟರ್ಮಿನಲ್‌ಗೇ ಅದನ್ನೂ ಸೇರಿಸಿ ತಿರುಪಿದೆ.

ಹಾಡಿತು. ಅದೇ ದೊಡ್ಡ ಅನಾಹುತ. ಅವತ್ತೇ ಹಾಡದೇ ಇದ್ದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ, ರೊಕ್ಕ ಉಳಿಯುತ್ತಿತ್ತು.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡ್ಕೋಬ್ಯಾಡ್ರಿ, ನಿಮ್ಮ ಮೂವತ್ತು ಸಾವಿರ ನಿಂತಿರುವುದು ಇದರ ಮೇಲೆ. ಸ್ಪೀಕರ್ ಹಿಂದೆ ಒಂದು ಚೀಟಿ ಇರುತ್ತದೆ. ಡಬ್ಬಿ, ಸ್ಪೀಕರ್ ಎಲ್ಲ ಒಟ್ಟಿಗೇ ಬರುವ ಡಬ್ಬಿ ಸೆಟ್‌ನ ಸ್ಪೀಕರ್‌ಗಳಲ್ಲಿ ಎಷ್ಟೋ ಸಲ ಅದರ ಮೇಲೆ 3 ಓಮ್ ಅಂತ ಅಚ್ಚಾಗಿರುತ್ತದೆ, ನಮ್ಮವೂ ಹಾಗೇ ಇದ್ದವು. ರಿಸೀವರ್ ಹಿಂದೆ ಟರ್ಮಿನಲ್ ಪಕ್ಕದಲ್ಲಿ ಇನ್ನೊಂದು ಬರಹ: 6 ರಿಂದ 16 ಓಮ್. ಎರಡೂ ಕಣ್ಣಿಗೆ ಕಾಣುವಂತೆಯೇ ಇದ್ದವು. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ತಡೆ ಅರ್ಧವಾದರೆ ಅದೇ ವೋಲ್ಟೇಜಿಗೆ ಎರಡರಷ್ಟು ಕರೆಂಟ್ ಹರಿಯುತ್ತದೆ. 8 ಓಮ್‌ಗೆ 70 ವ್ಯಾಟ್ ಕೊಡುವ ರಿಸೀವರ್ ಆಗ ಹೊರಹಾಕುವುದು ಸುಮಾರು 24 ವೋಲ್ಟ್, ಕರೆಂಟ್ 3 ಆಂಪಿಯರ್. ಅಲ್ಲಿ 3 ಓಮ್ ಸ್ಪೀಕರ್ ಕೂಡಿಸಿದರೆ ಕರೆಂಟ್ 8 ಆಂಪಿಯರ್. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು: ಒಂದೇ ಟರ್ಮಿನಲ್‌ನಲ್ಲಿ ಎರಡು 3 ಓಮ್ ಪಕ್ಕಪಕ್ಕ ಕೂಡಿಸಿದರೆ ಅವು ಕೂಡಿ 6 ಆಗುವುದಿಲ್ಲ, ಒಂದೂವರೆ ಆಗುತ್ತವೆ. ಕರೆಂಟಿಗೆ ಎರಡು ದಾರಿ ತೆರೆದಂತಾಯಿತಲ್ಲ. ಅದೇ 24 ವೋಲ್ಟಿಗೆ ಈಗ 16 ಆಂಪಿಯರ್. ಪೂರ್ತಿ ವಾಲ್ಯೂಮ್‌ನಲ್ಲಿ ಯಾರೂ ದಿನವಿಡೀ ಕೇಳುವುದಿಲ್ಲ, ಖರೆ. ಆದರೆ ಸಿನಿಮಾದಲ್ಲಿ ಬಾಂಬು ಸಿಡಿದಾಗ ರಿಸೀವರ್‌ನಿಂದ ಹೆಚ್ಚು ಕರೆಂಟ್ ಎಳೆಯುವುದು ಬೇಸ್, ನಾನು ವೂಫರ್ ಸಿಕ್ಕಿಸಿದ್ದೂ ಅಲ್ಲೇ.

ಮೊದಮೊದಲು ಜೋರು ಸದ್ದಿಗೆ ಮಾತ್ರ ಒಳಗಿನಿಂದ ಟಕ್ ಅಂತ ಶಬ್ದ ಬಂದು ಮಷಿನ್ ಆಫ್ ಆಗುತ್ತಿತ್ತು. ಅದು ರಿಲೇ, ಅಂದರೆ ತಾನೇ ಕರೆಂಟ್ ಕಡಿಯುವ ಸ್ವಿಚ್. ನನ್ನನ್ನು ಕಾಯುತ್ತಿದ್ದ ಪ್ರೊಟೆಕ್ಷನ್. ನಾನು ಅದನ್ನು ವೋಲ್ಟೇಜ್ ಏರಿಳಿತ ಅಂತ ತಿಳಿದು ಸ್ಟೆಬಿಲೈಜರ್ ತಂದೆ. ಆಫ್ ಆದಾಗಲೆಲ್ಲ ಮತ್ತೆ ಗುಂಡಿ ಒತ್ತಿದೆ. ಮೇಲೆ ಬೇಸಿಗೆ ಬಂತು. ನಮ್ಮ ಕಡೆ ಮೇ ಬಿಸಿಲು ನಿಮಗೆ ಹೇಳಬೇಕಿಲ್ಲ, 42-43 ಡಿಗ್ರಿ. ರಿಸೀವರ್‌ಗಳ ಮ್ಯಾನುಯಲ್ ತೆಗೆದು ನೋಡಿ, ಹಲವುಗಳಲ್ಲಿ ಸುತ್ತಲಿನ ಶಾಖ 35 ಡಿಗ್ರಿ ದಾಟಬಾರದು ಅಂತಿರುತ್ತದೆ. ನಾನು ಅದನ್ನು ಧೂಳು ಹೊಗಬಾರದು ಅಂತ ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಇಟ್ಟಿದ್ದೆ, ಮೇಲೊಂದು ಕ್ರೋಶಾ ಹೊದಿಕೆ ಬೇರೆ. ಕೊನೆಗೊಂದು ಸಂಜೆ ಗುಂಡಿ ಒತ್ತಿದರೆ ಬರೀ ಕೆಂಪು ದೀಪ ಮಿಣುಕತೊಡಗಿತು, ಮತ್ತೆ ಏಳಲೇ ಇಲ್ಲ.

ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಉಸ್ತಾದ್ ಇದ್ದಾರೆ, ಹಳೇ ಟೇಪ್ ರೆಕಾರ್ಡರ್ ಕಾಲದಿಂದ ಕೂತವರು. ಮುಚ್ಚಳ ತೆಗೆದು ವಾಸನೆ ನೋಡಿದವರೇ, "ಮಷಿನ್ ಬಿಡ್ರಿ ಸಾಬ್, ಸ್ಪೀಕರ್ ತರ್ರಿ" ಅಂದರು. ತಂದೆ. ಮಲ್ಟಿಮೀಟರ್ ಹಚ್ಚಿದರು, ಎಡಗಡೆ ಸ್ಪೀಕರ್ 2.7 ತೋರಿಸಿತು. (ಮೀಟರ್ ಸಾಮಾನ್ಯವಾಗಿ ಬರೆದ ಅಂಕಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. 8 ಓಮ್ ಸ್ಪೀಕರ್ ಆದರೆ 6 ರಿಂದ 7ರ ಆಸುಪಾಸು ಬರುತ್ತದೆ. ಚೀಟಿ ಹರಿದುಹೋಗಿದ್ದರೆ ನೀವೂ ಹೀಗೇ ಅಳೆಯಿರಿ.) ವೂಫರ್ ಜೊತೆ ಹೇಗೆ ಕೂಡಿಸಿದ್ದೆ ಅಂತ ಕೇಳಿದರು, ತೋರಿಸಿದೆ. ಅವರು ನಗಲಿಲ್ಲ, ಬೈಯಲಿಲ್ಲ, ಚಹಾ ತರಿಸಿದರು. ಎಡ ಚಾನೆಲ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಶಾರ್ಟ್ ಆಗಿದ್ದವು, ಜೊತೆಗೆ ಹಿಂದಿನ ಡ್ರೈವರ್ ಹಂತವೂ ಹೋಗಿತ್ತು. ಅಸಲಿ ಮಾಲಿಗೆ ಮತ್ತೆ ಹೈದರಾಬಾದೇ ಗತಿ. ರಿಪೇರಿ, ಸ್ಟೆಬಿಲೈಜರ್ ಎಲ್ಲ ಕೂಡಿಸಿದರೆ ಇನ್ನೊಂದು ಹಳೇ ರಿಸೀವರ್ ಬರುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ. ಇರುವ ಸ್ಪೀಕರ್ ಉಳಿಸಿಕೊಂಡರೆ ರೊಕ್ಕ ಉಳಿಯುತ್ತದೆ ಅನ್ನುವ ನಿಮ್ಮ ಲೆಕ್ಕವೇ ತಪ್ಪು, ಡಬ್ಬಿ ಸೆಟ್‌ನ ಮಟ್ಟಿಗಂತೂ ತಪ್ಪು. ಕಂಪನಿಯವರು 3 ಓಮ್ ಯಾಕೆ ಇಡುತ್ತಾರೆ ಅಂದರೆ ಅಗ್ಗದ ಪವರ್ ಸಪ್ಲೈಯಿಂದ ದೊಡ್ಡ ವ್ಯಾಟ್ ಅಂಕಿ ಹುಟ್ಟಿಸಲಿಕ್ಕೆ. 12 ವೋಲ್ಟನ್ನು 8 ಓಮ್‌ಗೆ ಕೊಟ್ಟರೆ 18 ವ್ಯಾಟ್, ಅದೇ 12 ವೋಲ್ಟ್ 3 ಓಮ್‌ಗೆ ಕೊಟ್ಟರೆ 48 ವ್ಯಾಟ್. ಡಬ್ಬಿಯೂ ಸ್ಪೀಕರೂ ಒಂದಕ್ಕೊಂದು ಅಂತಲೇ ಮಾಡಿದ ಜೋಡಿ. ಡಬ್ಬಿ ಸತ್ತ ಮೇಲೆ ಆ ಸ್ಪೀಕರ್‌ಗೆ ಬೇರೆ ಮನೆ ಸಿಗುವುದು ಕಷ್ಟ. ಮೇಲಾಗಿ ಆ ಪುಟ್ಟ ಪೆಟ್ಟಿಗೆಗಳ ಒಳಗಿರುವುದು ಅಂಗೈಗಿಂತ ಚಿಕ್ಕ ಕೋನ್, 150 ಹರ್ಟ್ಜ್‌ಗಿಂತ ಕೆಳಗೆ, ಅಂದರೆ ದಪ್ಪ ದನಿಯ ಕಡೆ, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ರಿಸೀವರ್‌ನಲ್ಲಿ ಕ್ರಾಸೋವರ್ (ಎಷ್ಟು ಹರ್ಟ್ಜ್ ಕೆಳಗಿನ ದನಿ ವೂಫರ್‌ಗೆ ಹೋಗಬೇಕು ಅನ್ನುವ ಗೆರೆ) 80ಕ್ಕೆ ಬಿಟ್ಟರೆ ನಡುವೆ ದೊಡ್ಡ ಹಳ್ಳ, ಗಂಡಸರ ದನಿಯೆಲ್ಲ ಮೂಗಿನಿಂದ ಬಂದಂತೆ ಕೇಳುತ್ತದೆ.

ಅದಕ್ಕೂ ಮೊದಲು ಒಂದು ನೋಡಿ: ನಿಮ್ಮ ಡಬ್ಬಿಯಲ್ಲಿ ಸತ್ತಿರುವುದು ಏನು? ಡಿಸ್ಕ್ ಓದದಿದ್ದರೆ ಹೋಗಿರುವುದು ಲೆನ್ಸ್ ಇರಬಹುದು, ಆಂಪ್ಲಿಫೈಯರ್ ಬದುಕಿರಬಹುದು. ಹಿಂದೆ ಹೊರಗಿನ ದನಿ ತಗೊಳ್ಳುವ ತೂತು, ಅಂದರೆ ಆಕ್ಸ್ ಇನ್ ಅಥವಾ ಆಪ್ಟಿಕಲ್ ಇನ್ ಇದ್ದರೆ ಟಿವಿಯಿಂದ ಒಂದು ವೈರ್ ಎಳೆಯಿರಿ. ಆಪ್ಟಿಕಲ್ ಇದ್ದರೆ ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ಡಾಲ್ಬಿ ಡಿಜಿಟಲ್ ಅಂತ ಇಡಿ, ಐದೂ ಸ್ಪೀಕರ್ ಹಾಡಬಹುದು. ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು, ನನ್ನ ಉಳಿದ ಉತ್ತರ ಓದುವುದೇ ಬೇಡ.

ಆಂಪ್ಲಿಫೈಯರ್ ಕೂಡ ಹೋಗಿದೆ ಅಂತಾದರೆ ಐದು ಪುಟ್ಟ ಸ್ಪೀಕರ್‌ಗಳನ್ನು ಬಿಟ್ಟುಬಿಡಿ. ಮನೆಯವರು ಒಪ್ಪುವುದಿಲ್ಲ, ಗೊತ್ತು. ನಮ್ಮಲ್ಲೂ ಅವು ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿವೆ. 6 ಅಥವಾ 8 ಓಮ್‌ನ ಎರಡೇ ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ತಗೊಂಡು ಶುರು ಮಾಡಿ. ಆ ಐದು ಪುಟ್ಟ ಸ್ಪೀಕರ್‌ಗಳಿಗಿಂತ ಈ ಎರಡು ಮೇಲು, ಇದರಲ್ಲಿ ನಾನು ವಾದಕ್ಕೆ ನಿಲ್ಲಲು ತಯಾರಿದ್ದೇನೆ. ವೂಫರ್ ಮಾತ್ರ ಉಳಿಸಿಕೊಳ್ಳಬಹುದು. ಅದಕ್ಕೆ ಗೋಡೆಗೆ ಹೋಗುವ ಸ್ವಂತ ಪವರ್ ವೈರ್ ಇಲ್ಲ ಅಂದರೆ ಅದು ಪ್ಯಾಸಿವ್, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು. ರಿಸೀವರ್‌ನ ಪ್ರೀ ಔಟ್ ತೂತಿನಲ್ಲಿ ಬರುವುದು ಬರೀ ಸಿಗ್ನಲ್, ಶಕ್ತಿ ಅಲ್ಲ. ಟಿಪಿಎ3116 ಚಿಪ್ಪಿನ ಮೋನೋ (ಒಂದೇ ಚಾನೆಲ್‌ನ) ಆಂಪ್ಲಿಫೈಯರ್ ಬೋರ್ಡ್‌ಗಳು ಸಿಗುತ್ತವೆ. ಮೋನೋ ಜೋಡಣೆಯಲ್ಲಿ ಆ ಚಿಪ್ 2 ಓಮ್‌ವರೆಗೂ ತಡೆಯುತ್ತದೆ, 3 ಓಮ್ ವೂಫರ್ ಅದಕ್ಕೆ ಭಾರವಲ್ಲ. ಪ್ರೀ ಔಟ್‌ನಿಂದ ಅದಕ್ಕೆ, ಅದರಿಂದ ವೂಫರ್‌ಗೆ. ಉಸ್ತಾದ್ ನನಗೆ ಮಾಡಿಕೊಟ್ಟಿದ್ದೂ ಇದೇ, ಇವತ್ತಿಗೂ ಗುದ್ದುತ್ತಿದೆ. ಸ್ಪೀಕರ್ ಜೊತೆ ಸಾಲಾಗಿ ರೆಸಿಸ್ಟರ್ ಹಾಕು, ಓಮ್ ಹೆಚ್ಚಾಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಧ ಶಕ್ತಿ ಆ ರೆಸಿಸ್ಟರ್ ಕಾಯಿಸಲಿಕ್ಕೇ ಹೋಗುತ್ತದೆ, ದನಿಯೂ ಕೆಡುತ್ತದೆ.

ವ್ಯಾಟ್ ಬಗ್ಗೆ. ಯಮಹಾದ ಆರ್‌ಎಕ್ಸ್-ವಿ385 ಅಂತ ಒಂದು 5.1 (ಐದು ಸ್ಪೀಕರ್, ಒಂದು ವೂಫರ್) ರಿಸೀವರ್ ಇದೆ, 2018ರದ್ದು. ಎರಡು ಚಾನೆಲ್ ಓಡಿಸಿ, 6 ಓಮ್‌ಗೆ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ ಅಳೆದರೆ ಅದು 70 ವ್ಯಾಟ್. ಒಂದೇ ಚಾನೆಲ್, 6 ಓಮ್, ಒಂದೇ ಸ್ವರ ಅಂತ ಅಳೆದರೆ ಅದೇ ಮಷಿನ್ 100 ವ್ಯಾಟ್. ಶೇಕಡಾ 10 ಒಡಕು ದನಿಯನ್ನೂ ಒಪ್ಪಿಕೊಂಡರೆ 135. ಸುಳ್ಳು ಯಾವುದೂ ಅಲ್ಲ, ನೀವು ಓದಬೇಕಾದದ್ದು ಮೊದಲನೆಯದು. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಅಂತ ಸಾವಿರಗಟ್ಟಲೆ ಬರೆದದ್ದನ್ನು ಓದುವುದೇ ಬೇಡ. ಅಷ್ಟಕ್ಕೂ 70ಕ್ಕೂ 100ಕ್ಕೂ ಕಿವಿಗೆ ಬೀಳುವ ವ್ಯತ್ಯಾಸ ಒಂದೂವರೆ ಡೆಸಿಬೆಲ್. ಸ್ಪೀಕರ್‌ನ ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಜೋರು ಹಾಡುತ್ತದೆ ಅನ್ನುವ ಅಂಕಿ) 3 ಡೆಸಿಬೆಲ್ ಹೆಚ್ಚಿದ್ದರೆ ರಿಸೀವರ್ ವ್ಯಾಟ್ ಎರಡರಷ್ಟು ಮಾಡಿದ ಲಾಭ ಪುಕ್ಕಟೆ ಸಿಕ್ಕಿತು. 84ರ ಸ್ಪೀಕರ್ ಬಿಟ್ಟು 87, 88ರದ್ದು ಹುಡುಕಿ.

ಹೊಸದೇ ಬೇಕಂತಿಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಹಳೇ ರಿಸೀವರ್‌ಗೆ 4ಕೆ ಗೊತ್ತಿರುವುದಿಲ್ಲ ಅಂತ ಹೆದರಿಸುತ್ತಾರೆ. ಸೆಟ್‌ಟಾಪ್ ಬಾಕ್ಸು, ಸ್ಟಿಕ್ಕು ಎಲ್ಲ ಟಿವಿಗೇ ಚುಚ್ಚಿ, ಟಿವಿಯಿಂದ ಎಚ್‌ಡಿಎಂಐ ಎಆರ್‌ಸಿಯಲ್ಲಿ ದನಿ ಮಾತ್ರ ರಿಸೀವರ್‌ಗೆ ಕಳಿಸಿದರೆ ಚಿತ್ರದ ಗೊಡವೆಯೇ ಅದಕ್ಕಿಲ್ಲ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4 ಜೊತೆ, ಹಾಗಾಗಿ ಹತ್ತು ವರ್ಷ ಹಳೆಯದರಲ್ಲೂ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಆಪ್ಟಿಕಲ್ ಸಾಕು, 5.1 ಅದರಲ್ಲೂ ಬರುತ್ತದೆ. ಕೊಳ್ಳುವಾಗ ಎಲ್ಲ ಎಚ್‌ಡಿಎಂಐ ತೂತಿಗೂ ವೈರ್ ಹಾಕಿ ನೋಡಿ, ಒಂದೇ ಸ್ಪೀಕರನ್ನು ಪ್ರತಿ ಚಾನೆಲ್‌ಗೂ ಬದಲಿಸಿ ಕೇಳಿ, ಅರ್ಧ ಗಂಟೆ ಓಡಲು ಬಿಟ್ಟು ಮೇಲೆ ಕೈ ಇಟ್ಟು ನೋಡಿ. ಮಾರುವವನು ಅವಸರ ಮಾಡಿದರೆ ಎದ್ದು ಬನ್ನಿ.

ಇನ್ನೊಂದು, ಯಾರೂ ಹೇಳದ್ದು. ನಮ್ಮ ಹಾಲ್‌ಗೆ ಶಹಾಬಾದ್ ಫರಸಿ ಹಾಸಿದೆ, ಗೋಡೆ ಬರಿದು. ಚಪ್ಪಾಳೆ ತಟ್ಟಿದರೆ ಗೋಳಗುಮ್ಮಟ. ಹೊಸ ಸ್ಪೀಕರ್ ಬಂದ ಮೇಲೂ ಮಾತು ಸ್ಪಷ್ಟವಾಗದೆ ತಲೆ ಕೆಟ್ಟಿತ್ತು. ಅವ್ವ ಯಾವುದೋ ಮದುವೆಗೆ ಅಂತ ತೆಗೆದ ಜಮಖಾನ ಹಾಸಿ ಕಿಟಕಿಗೆ ದಪ್ಪ ಪರದೆ ಹಾಕಿದಳು, ಮಾತು ಬಿಡಿಸಿ ಕೇಳತೊಡಗಿತು. ನಿಮ್ಮಲ್ಲೂ ಹಾಸಿರುವುದು ಕಲ್ಲೇ ಆದರೆ ರಿಸೀವರ್‌ಗಿಂತ ಮೊದಲು ಜಮಖಾನ.

ಅಟ್ಮಾಸ್ ಬೇಡ. ಅದಕ್ಕೆ ಸಾಮಾನ್ಯವಾಗಿ 5.1.2, ಅಂದರೆ ಮೇಲಿನ ಎರಡು ಸ್ಪೀಕರ್ ಸೇರಿ ಏಳು ಚಾನೆಲ್‌ನ ರಿಸೀವರ್ ಬೇಕು, ತಾರಸಿಗೆ ಸ್ಪೀಕರ್ ಬಡಿಯಬೇಕು. ದನಿಯನ್ನು ಮೇಲಕ್ಕೆ ಚಿಮ್ಮಿಸುವ ಸ್ಪೀಕರ್‌ಗಳಿಗೆ ಸಪಾಟಾದ ತಾರಸಿ ಬೇಕು, ಜಂತಿ ಮಾಳಿಗೆಯ ಕೆಳಗೆ ಅವು ಕೆಲಸ ಮಾಡುವುದಿಲ್ಲ. ಆ ರೊಕ್ಕ ಕೂಡಿಸಿಟ್ಟು ಮುಂದಿನ ವರ್ಷ ಒಂದು ಸೆಂಟರ್ ಸ್ಪೀಕರ್ ತಗೊಳ್ಳಿ, ಸಿನಿಮಾದ ಮಾತಿನಲ್ಲಿ ಹೆಚ್ಚಿನದು ಬರುವುದು ಅದರಿಂದಲೇ. ಅದರ ಓಮ್ ಕೂಡ ನೋಡಿಯೇ ತಗೊಳ್ಳಿ.