ತಲೆಯೊಳಗಿನ ಲೋಹಕ್ಕೊಂದು ಚೀಟಿ

ಪತ್ರ: ನಮ್ಮ ಯಜಮಾನರ ಮಿದುಳಿನ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ನಾಳದ ಗೋಡೆಯ ಉಬ್ಬು, ಇತ್ತು. ಅದರೊಳಗೆ ಕಾಯಿಲ್ ಎಂಬ ತಂತಿಸುರುಳಿ ತುಂಬಿಸಿ ಆರು ತಿಂಗಳಾಯಿತು. ಈಗ ಎಂಆರ್‌ಐ ಮಾಡಿಸಿ ಎಂದಿದ್ದಾರೆ. ತಲೆಯಲ್ಲಿ ಲೋಹ ಇಟ್ಟುಕೊಂಡು ಆಯಸ್ಕಾಂತದೊಳಗೆ ಹೋಗುವುದು ಬೇಡ, ತೊಡೆಯಿಂದ ನಳಿಗೆ ತೂರಿಸುವ ಆಂಜಿಯೋಗ್ರಾಮೇ ಸರಿ ಎನ್ನುತ್ತಾರೆ ಮೈದುನ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಮ್ಮಾ, ಮೈದುನರ ಭಯ ಬುಡವಿಲ್ಲದ್ದೇನಲ್ಲ. ಹಿಂದೆ ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಹಾಕುತ್ತಿದ್ದ ಕೆಲವು ಕ್ಲಿಪ್ಪುಗಳನ್ನು ಆಯಸ್ಕಾಂತ ಸೆಳೆಯುತ್ತಿತ್ತು. ಹಾಗೆ ರೋಗಿಯೊಬ್ಬರು ತೀರಿಕೊಂಡದ್ದು 1993ರ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ವರದಿಯಾಗಿದೆ. ಆಂಜಿಯೋಗ್ರಾಮಿನಷ್ಟು ಸ್ಪಷ್ಟವಾದ ಚಿತ್ರ ಬೇರೆಲ್ಲೂ ಸಿಗದು ಎನ್ನುವುದೂ ನಿಜ. ಸ್ಟೆಂಟ್ (ನಾಳದೊಳಗಿನ ಜಾಲರಿ ಕೊಳವೆ) ಕೂಡ ಹಾಕಿದ್ದರೆ ಅದರ ಒಳಭಾಗ ಎಂಆರ್‌ಐನಲ್ಲಿ ಸರಿಯಾಗಿ ಕಾಣುವುದಿಲ್ಲ.

ಆದರೆ ಕ್ಲಿಪ್ಪೇ ಬೇರೆ, ಕಾಯಿಲೇ ಬೇರೆ. ಗುಗ್ಲಿಯೆಲ್ಮಿ ಎಂಬ ವೈದ್ಯರು 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಹಾಕಿದ ಕಾಯಿಲ್ ಪ್ಲಾಟಿನಂ ತಂತಿಯದು. ಇಂದಿಗೂ ಬಹುತೇಕ ಪ್ಲಾಟಿನಮ್ಮೇ. ಅದು ಆಯಸ್ಕಾಂತದಲ್ಲಿ ಅಲುಗುವುದಿಲ್ಲ. ಸಿಟಿ ಸ್ಕ್ಯಾನಿನಲ್ಲಾದರೆ ಅದೇ ತಂತಿ ಸುತ್ತಲೂ ಗೆರೆ ಚೆಲ್ಲಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ರಕ್ತನಾಳ ನೋಡಲೆಂದೇ ಮಾಡುವ ಎಂಆರ್‌ಐನಲ್ಲಿ ಹರಿಯುವ ರಕ್ತ ಬೆಳ್ಳಗೆ ಬೆಳಗುತ್ತದೆ, ನಿಂತದ್ದು ಕಪ್ಪಾಗುತ್ತದೆ. ಕಾಯಿಲಿನ ಕಪ್ಪು ಉಂಡೆಯ ಬುಡದಲ್ಲಿ ಬಿಳಿ ಮೊಳಕೆಯಂಥದ್ದು ಕಂಡಿತೋ, ಉಬ್ಬು ಮತ್ತೆ ಬಾಯಿ ತೆರೆದಿದೆ ಎಂದು ಅನುಮಾನಿಸಬೇಕು. ಐವರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ನೋಡುತ್ತಲೇ ಇರಬೇಕಾದದ್ದು ಅದಕ್ಕೇ. ಈ ನೋಟಕ್ಕೆ ಸೂಜಿ ಬೇಡ, ವಿಕಿರಣವಿಲ್ಲ. ನಳಿಗೆ ತೂರಿಸುವಾಗ, ಅಪರೂಪಕ್ಕಾದರೂ, ಪಾರ್ಶ್ವವಾಯು ಬಡಿಯುವ ಅಪಾಯವಿದೆ. ಪ್ರತಿ ಸಲವೂ ಅದನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಇಷ್ಟು ಬರೆದ ನೀವು ಮುಖ್ಯ ಮಾತನ್ನೇ ಬಿಟ್ಟಿದ್ದೀರಿ: ಹಾಕಿರುವುದು ಯಾವ ಕಾಯಿಲ್? ಜೊತೆಗೆ ಸ್ಟೆಂಟ್ ಇದೆಯೇ? ನಮ್ಮ ಅಕ್ಕನನ್ನು ಸ್ಕ್ಯಾನಿಗೆ ಕರೆದೊಯ್ದಾಗ ತಂತ್ರಜ್ಞ ಕೇಳಿದ್ದೂ ಇದನ್ನೇ. ಅವಳು ಗೌನು ತೊಟ್ಟು ಬೆಂಚಿನ ಮೇಲೆ ಕೂತಿದ್ದಳು, ಬಳೆಗಳು ನನ್ನ ಕರವಸ್ತ್ರದಲ್ಲಿದ್ದವು. ಡಿಸ್ಚಾರ್ಜ್ ಹಾಳೆಯಲ್ಲಿ ‘ಕಾಯಿಲಿಂಗ್ ಮಾಡಲಾಗಿದೆ’ ಎಂಬ ಒಂದೇ ಸಾಲು. ವಾಪಸ್ ಕಳಿಸಿದರು. ತಂತ್ರಜ್ಞನ ತಪ್ಪಿಲ್ಲ. 1993ರ ಆ ಸಾವಿನಲ್ಲೂ ತಲೆಯಲ್ಲಿದ್ದ ಕ್ಲಿಪ್ಪು ಒಂದು, ತಿಳಿಸಿದ್ದು ಇನ್ನೊಂದು. ಮಿಕ್ಸಿ ಕೊಂಡರೆ ನಂಬರಿನ ಸಮೇತ ಕಾರ್ಡು ಕೊಡುವ ನಾಡಿನಲ್ಲಿ, ಮಿದುಳಿಗೆ ಹಾಕಿದ ತಂತಿಗೆ ಒಂದು ಚೀಟಿ ಬರೆದುಕೊಡಲು ಎಷ್ಟೋ ಕಡೆ ಪುರುಸೊತ್ತಿಲ್ಲ. ಕೇಳಿದರೆ ‘ನಿಮಗೆ ಅರ್ಥವಾಗಲ್ಲ ಬಿಡಿ’ ಎನ್ನುತ್ತಾರೆ. ಅರ್ಥವಾಗುವುದು ಆಮೇಲಿರಲಿ, ಅದು ನಮ್ಮ ತಲೆ.

ನಾಳೆಯೇ ಆಸ್ಪತ್ರೆಗೆ ಹೋಗಿ, ಹಾಕಿದ್ದರ ಹೆಸರು, ಕಂಪನಿ, ತಾರೀಕು ಬರೆಸಿಕೊಂಡು ಬನ್ನಿ. ಸ್ಕ್ಯಾನಿನವರಿಗೆ ಮೊದಲು ಅದನ್ನು ತೋರಿಸಿ. ಒಂದು ಜೆರಾಕ್ಸ್ ಯಜಮಾನರ ಪರ್ಸಿನಲ್ಲೇ ಇರಲಿ.